ತಿರುವಿನಲ್ಲಿ ಹತ್ತುವ ದೀಪ

ಅಕ್ಕ ಫೋನು ಮಾಡಿ ಕೇಳಿದಾಗ ನಾನು ಹೋಗಿ ಅವಳ ಕಾರಿನ ಬಾನೆಟ್ ಎತ್ತಿ ನೋಡಲಿಲ್ಲ. ನಾನು ಮಾಡದೆ ಉಳಿದ ಕೆಲಸ ಅದೊಂದೇ. ಅಂಕೋಲೆಯ ಸ್ಟ್ಯಾಂಡಿನಿಂದ ಅವರ್ಸಾದ ಅವಳ ಮನೆಗೆ ವ್ಯಾನಿನಲ್ಲಿ ಹೋಗುವುದು ದೊಡ್ಡ ಮಾತಲ್ಲ. ಬಾನೆಟ್ ಎತ್ತಬೇಕು, ಒಳಗೆ ಬಲಮೂಲೆಯಲ್ಲಿ ಕೂತ ಸಣ್ಣ ಬಿಳಿ ಡಬ್ಬಿಯನ್ನು ನೋಡಬೇಕು, ಅದರ ಗೆರೆಗಿಂತ ಬ್ರೇಕ್ ಎಣ್ಣೆ ಮೇಲಿದೆಯೋ ಕೆಳಗಿದೆಯೋ ನೋಡಬೇಕು. ಕಣ್ಣಿದ್ದವರು ಯಾರೂ ಮಾಡಬಹುದಾದ ಕೆಲಸ. ನಾನು ಮಾಡಲಿಲ್ಲ. ಮರುದಿನ ಅಕ್ಕ ಸತ್ತಳು.

ಏಳನೆಯ ತರಗತಿಗೆ ಶಾಲೆ ಬಿಟ್ಟವನು ನಾನು. ಬಾಡಿಗೆ ವ್ಯಾನು ಓಡಿಸುತ್ತೇನೆ. ಬರೆದು ಅಭ್ಯಾಸವಿಲ್ಲ. ಆದರೆ ಅವಳ ಬಗ್ಗೆ ಊರಿನಲ್ಲಿ ಒಂದು ಮಾತು ನಿಂತುಬಿಟ್ಟಿದೆ. ಹೆಂಗಸು ಹೆದರಿ ಬ್ರೇಕಿನ ಬದಲು ಎಕ್ಸಲೇಟರ್ ಒತ್ತಿದಳು ಎಂಬ ಮಾತು. ಅವಳು ಹಾಗೆ ಹೆದರುವವಳಲ್ಲ. ಅವಳು ಹೇಗಿದ್ದಳು ಎಂದು ಗೊತ್ತಿದ್ದವರು ಇಬ್ಬರೇ ಉಳಿದಿದ್ದೇವೆ, ಭಾವ ಮತ್ತು ನಾನು.

ಅಕ್ಕ ಕುಳ್ಳಿ, ಗಟ್ಟಿ ಕೈಕಾಲಿನವಳು. ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಬೇಯಿಸುವ ಕೆಲಸ. ಅಡುಗೆಕೋಣೆಯಲ್ಲಿ ಅಳತೆಯ ಪಾತ್ರೆ ಇತ್ತು, ಆದರೆ ಅದು ಯಾವಾಗಲೂ ಗೋಡೆಯ ಮೊಳೆಗೆ ತೂಗಿಕೊಂಡೇ ಇರುತ್ತಿತ್ತು. ಅವಳು ಅಕ್ಕಿಯ ಮೇಲೆ ನೀರು ಹೊಯ್ದು ಬೆರಳು ಅದ್ದುವಳು. ಬೆರಳಿನ ಎರಡನೆಯ ಗೆರೆಗೆ ನೀರು ಬಂದರೆ ಸಾಕು. ಅನ್ನ ಯಾವ ದಿನವೂ ಮುದ್ದೆಯಾದದ್ದಿಲ್ಲ, ಗಟ್ಟಿಯಾದದ್ದಿಲ್ಲ. ಒಮ್ಮೆ ಮೇಲಿನವರು ಯಾರೋ ಪರೀಕ್ಷೆಗೆ ಬಂದು, ಬೆರಳು ಅದ್ದುವುದು ಬೇಡ, ಪಾತ್ರೆಯಲ್ಲಿ ಅಳೆದು ಹಾಕಿ ಎಂದರಂತೆ. ಇವಳು ಅವರೆದುರು ಪಾತ್ರೆಯಲ್ಲಿ ಅಳೆದು ಹಾಕಿದಳು. ಅವರು ಆಚೆ ತಿರುಗಿದ ಕೂಡಲೇ ಬೆರಳು ಅದ್ದಿ ನೋಡಿ ಇನ್ನಷ್ಟು ನೀರು ಹೊಯ್ದಳು. “ಅವ್ರ ಸಮಾಧಾನ ಅವ್ರಿಗೆ, ಮಕ್ಕಳ ಹೊಟ್ಟೆ ಮಕ್ಕಳಿಗೆ,” ಎಂದು ನನಗೆ ಹೇಳಿ ನಕ್ಕಿದ್ದಳು.

ಭಾವ ದೋಣಿ ಕಟ್ಟುವ ಬಡಗಿ. ಬೇಲೆಕೇರಿಯ ದಂಡೆಯಲ್ಲಿ ಅವರ ಉಳಿಯ ಸದ್ದು ಕೇಳಿದರೆ ಜನ ಗುರುತು ಹಿಡಿಯುತ್ತಿದ್ದರು. ಅವರಿಗೆ ಮಕ್ಕಳಾಗಲಿಲ್ಲ. ಆಮೇಲೆ ಭಾವನ ಕಿಡ್ನಿ ಎರಡೂ ಕೈಕೊಟ್ಟವು. ವಾರಕ್ಕೆ ಎರಡು ಸಲ ಕಾರವಾರದ ಆಸ್ಪತ್ರೆಗೆ ಹೋಗಿ ಮಶೀನಿಗೆ ಮೈಯೊಡ್ಡಿ ಮಲಗಬೇಕು. ರಕ್ತ ಹೊರಗೆ ಹೋಗಿ, ತೊಳೆದುಕೊಂಡು, ಒಳಗೆ ಬರಬೇಕು. ಒಂದು ಸಲ ತಪ್ಪಿದರೆ ಮೈ ಬಾತುಕೊಳ್ಳುತ್ತದೆ. ಎರಡು ಸಲ ತಪ್ಪಿದರೆ ನೀರು ಎದೆಗೇರುತ್ತದೆ.

ಅಂದಿನಿಂದ ಅಕ್ಕ ಭಾವನ ನೀರನ್ನು ಕಾಯತೊಡಗಿದಳು. ಬೆಳಿಗ್ಗೆ ಒಂದು ಬಾಟಲಿಯಲ್ಲಿ ಆ ದಿನದ ನೀರು ತುಂಬಿಡುವಳು. ಚಹಾ, ಮಾತ್ರೆಗೆ ಬೇಕಾದ ಗುಟುಕು, ಎಲ್ಲವೂ ಅದರಲ್ಲೇ ಮುಗಿಯಬೇಕು. ಬೇಸಿಗೆಯಲ್ಲಿ ಭಾವ ಗಂಜಿಯ ತಿಳಿಗೆ ಆಸೆ ಪಡುವರು, ಮುರುಗಲ ಹುಳಿಯ ತಂಪು ಸೋಲಕಡಿಗೆ ಆಸೆ ಪಡುವರು. ಇವಳು ಒಂದು ಚೂರು ಐಸು ಬಾಯಿಗೆ ಹಾಕಿ ಸುಮ್ಮನಾಗಿಸುವಳು.

“ನೋಡೋ ತಮಾ, ನೀರು ಕೇಳಿದ್ರೆ ಆಸ್ತಿ ಬರ್ಕೊಡು ಅಂದಂಗೆ ಮಾಡ್ತಾಳೆ ನಿನ್ನಕ್ಕ,” ಎಂದು ಭಾವ ನನ್ನ ಹತ್ತಿರ ದೂರುವರು.

“ಆಸ್ತಿ ಇದ್ದಿದ್ರೆ ಬರ್ಕೊಡ್ತಿದ್ದೆ. ನೀರು ಮಾತ್ರ ಕೊಡೂದಿಲ್ಲ,” ಎನ್ನುವಳು ಅಕ್ಕ ಒಳಗಿನಿಂದ.

ಸಂಜೆ ಅವರ ಕಾಲು ಹಿಡಿದು, ಮೊಣಕಾಲಿನ ಕೆಳಗೆ ಹೆಬ್ಬೆರಳಿನಿಂದ ಒತ್ತಿ ನೋಡುವಳು. ಗುಳಿ ಬಿದ್ದು ಹಾಗೇ ನಿಂತರೆ ಕದ್ದು ಕುಡಿದಿದ್ದಾರೆಂದು ಅರ್ಥ. ಒತ್ತಿದ ಕೂಡಲೇ ತುಂಬಿಕೊಂಡರೆ ಆ ದಿನ ಮನೆಯಲ್ಲಿ ಜಗಳವಿಲ್ಲ.

ಮೊದಮೊದಲು ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಮಶೀನಿನಿಂದ ಎದ್ದ ಮೇಲೆ ಭಾವನಿಗೆ ತಲೆ ನಿಲ್ಲುತ್ತಿರಲಿಲ್ಲ. ಒಮ್ಮೆ ಬಸ್ಸಿನ ಮೆಟ್ಟಿಲಿನಲ್ಲೇ ಕುಸಿದರು. ಅಕ್ಕ ಅವರನ್ನು ಎತ್ತಿ ಕೂರಿಸಿ, ಮನೆಗೆ ಬಂದು, ನನಗೆ ಹೇಳಿ ಕಳಿಸಿದಳು. ಹಳೆಯದೊಂದು ಸಣ್ಣ ಕಾರು ನೋಡು ಎಂದಳು.

ಕಾರು ಕೊಂಡರೆ ಓಡಿಸುವವನು ನಾನೇ ಎಂದು ನಾನು ಅಂದುಕೊಂಡಿದ್ದೆ. ಹಾಗೆಂದು ಹೇಳಿದೆ ಕೂಡ.

“ನಿಂಗೆ ಮಂಜಗುಣಿ ದೇವಸ್ಥಾನಕ್ಕೆ ಬಾಡಿಗೆ ಸಿಕ್ಕ ದಿನ?” ಎಂದು ಕೇಳಿದಳು.

“ಬಿಟ್ಟು ಬರ್ತೆ.”

“ಒಂದ್ಸಲ ನೀ ಬಿಡ್ತೆ. ಎರಡ್ಸಲ ಬಿಡ್ತೆ. ಆಮೇಲೆ ನಿನ್ನ ಹೆಂಡ್ತಿ ನನ್ನ ಬಿಡೂದಿಲ್ಲ. ಕಲಿಸು ನಂಗೆ.”

ಶಾಲೆಯ ಬಯಲಿನಲ್ಲಿ ಕಲಿಸಿದೆ. ಸೀಟಿನ ಮೇಲೆ ಮಡಿಸಿದ ಕಂಬಳಿ ಹಾಕಿಕೊಂಡು ಎತ್ತರ ಮಾಡಿಕೊಂಡಳು. ಚಪ್ಪಲಿ ಬಿಚ್ಚಿ ಹಿಂದಿನ ಸೀಟಿನ ಕೆಳಗೆ ಎಸೆದಳು. ಬರಿಗಾಲಿಗೆ ಪೆಡಲಿನ ಗುಣ ಗೊತ್ತಾಗುತ್ತದೆ ಎಂದು ಅವಳ ಹಟ. ಕಡೆಯವರೆಗೂ ಬರಿಗಾಲಿನಲ್ಲೇ ಓಡಿಸಿದಳು. ರಿವರ್ಸಿನಲ್ಲಿ ಬಾವಿಕಟ್ಟೆಗೆ ಒಮ್ಮೆ, ಶಾಲೆಯ ಗೇಟಿಗೆ ಒಮ್ಮೆ ತಾಗಿಸಿದ್ದು ಬಿಟ್ಟರೆ ಬೇಗ ಕಲಿತಳು. ಕಾರಿನ ಜೊತೆ ಮಾತಾಡುವ ಅಭ್ಯಾಸ ಬೇರೆ. ಏರು ಬಂದರೆ, “ಹತ್ತು ಮಾರಾಯ್ತಿ, ಊಟ ಹಾಕಿದ್ದೇನಲ್ಲ,” ಎನ್ನುವಳು. ಪೆಟ್ರೋಲಿಗೆ ಅವಳು ಊಟ ಎಂದೇ ಹೇಳುತ್ತಿದ್ದದ್ದು.

ಮೊದಲ ದಿನ ಚಾವಿ ತಿರುಗಿಸಿದಾಗ ಸ್ಟೇರಿಂಗಿನ ಹಿಂದೆ ದೀಪಗಳೆಲ್ಲ ಒಟ್ಟಿಗೆ ಹತ್ತಿದವು. ಅಕ್ಕ ಕೈ ಹಿಂದೆಗೆದಳು.

“ಇಷ್ಟೆಲ್ಲಾ ದೀಪ ಎಂತಕ್ಕೋ?”

“ಚಾವಿ ತಿರುಗಿಸ್ದಾಗ ಎಲ್ಲಾ ಹತ್ತಬೇಕು. ಇಂಜಿನ್ ಶುರು ಆದ್ಮೇಲೆ ಎಲ್ಲಾ ಆರಬೇಕು. ಆರದೇ ಉಳಿದ ದೀಪ ನಿಂಗೆ ಎಂತದೋ ಹೇಳ್ತಾ ಅದೆ ಅಂತ ಲೆಕ್ಕ.”

“ಹಾಜರಿ ಕೊಟ್ಟು ಹೊರಗೆ ಹೋಗೂದು ಅನ್ನು. ಒಳಗೇ ಕೂತವನಿಗೆ ಹೊಟ್ಟೆನೋವು.”

ಒಂದೊಂದಕ್ಕೂ ಅವಳೇ ಹೆಸರಿಟ್ಟಳು. ಇಂಜಿನ್ ಎಣ್ಣೆಯ ಗುರುತು ಗಿಂಡಿ, ಅದರ ಮೂತಿಯಲ್ಲಿ ಒಂದು ಹನಿ ಇದೆಯಲ್ಲ, ಅದಕ್ಕೆ. ಇಂಜಿನ್ ತಣ್ಣಗಿಡುವ ನೀರಿನದು ಜ್ವರದ ಕಡ್ಡಿ. ಹಳದಿ ಬಣ್ಣದ ಇಂಜಿನ್ ಗುರುತು ನೀರಿನ ನಲ್ಲಿ. ಬ್ರೇಕಿನದು ದುಂಡಗಿನ ಗೆರೆಯ ನಡುವೆ ನಿಂತ ಒಂದು ಕಡ್ಡಿ ಮತ್ತು ಚುಕ್ಕಿ. ಅದಕ್ಕೆ ಅವಳು ಬಳೆಯೊಳಗಿನ ಕಡ್ಡಿ ಎಂದಳು. ನಾನು ಒಂದು ಪಾಠ ಹೇಳಿಕೊಟ್ಟೆ. “ಕೆಂಪು ಹತ್ತಿದ್ರೆ ಗಾಡಿ ನಿಲ್ಸು. ಹಳದಿ ಹತ್ತಿದ್ರೆ ನನ್ನ ಕೇಳು.” ಅವಳು ಅದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡಳು.

ಅವಳು ಆ ಪಾಠ ಮರೆಯಲಿಲ್ಲ ಎಂಬುದಕ್ಕೆ ಒಂದು ಸಂಗತಿ ಹೇಳಬೇಕು. ಮಳೆಗಾಲ ಮುಗಿದ ಹೊಸತು, ರಸ್ತೆಯೆಲ್ಲ ಹೊಂಡ. ಕಾರವಾರದಿಂದ ಬರುವಾಗ ಅಮದಳ್ಳಿಯ ಹತ್ತಿರ ಕಾರಿನ ಹೊಟ್ಟೆಗೆ ಕಲ್ಲು ಬಡಿಯಿತು. ಸ್ವಲ್ಪ ಮುಂದೆ ಬರುವಷ್ಟರಲ್ಲಿ ಗಿಂಡಿ ಕೆಂಪಾಗಿ ಹತ್ತಿತು. ಅಕ್ಕ ಕಾರನ್ನು ಬದಿಗೆ ತಂದು, ಇಂಜಿನ್ ಬಂದ್ ಮಾಡಿ, ಚಾವಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಳಗಿಳಿದು ನಿಂತಳು. ನನಗೆ ಫೋನು ಬಂತು. ನಾನು ಹೋಗುವಷ್ಟರಲ್ಲಿ ಅಲ್ಲಿ ನಾಲ್ಕು ಜನ ಸೇರಿದ್ದರು. ಹೆಂಗಸರನ್ನು ಬಾಯಿ ಎಂದು ಕರೆಯುವ ಕಾರವಾರ ಕಡೆಯ ಲಾರಿಯವನೊಬ್ಬ, “ಇಂಜಿನ್ ಸದ್ದು ಸರೀ ಅದೆ ಬಾಯಿ, ಮನೆ ತನಕ ಹೋಗ್ತದೆ, ಆರಾಮ್ ಹೋಗಿ,” ಎಂದು ಒತ್ತಾಯ ಮಾಡುತ್ತಿದ್ದ. ಒಳಗೆ ಭಾವ ಬಿಸಿಲಿಗೆ ಬಾಡಿ ಕೂತಿದ್ದರು, ಅವರೂ ಹೋಗೋಣ ಎನ್ನುತ್ತಿದ್ದರು.

“ಗಿಂಡಿ ಕೆಂಪು ಹತ್ತಿದೆ. ನನ್ನ ತಮ್ಮ ಬರೂ ತನಕ ನಾ ಚಾವಿ ಕೊಡೂದಿಲ್ಲ,” ಎಂದಳು ಅಕ್ಕ. ಅಷ್ಟೇ ಮಾತು.

ಕಾರಿನ ಕೆಳಗೆ ಬಗ್ಗಿ ನೋಡಿದೆ. ಎಣ್ಣೆಯ ತಟ್ಟೆ ಒಡೆದು ರಸ್ತೆಗೆಲ್ಲ ಎಣ್ಣೆ ಹರಿದಿತ್ತು. ಇನ್ನು ಸ್ವಲ್ಪ ದೂರ ಓಡಿಸಿದ್ದರೂ ಇಂಜಿನ್ ಕಚ್ಚಿಕೊಂಡು ಕಾರು ಗುಜರಿಗೆ ಹೋಗುತ್ತಿತ್ತು ಎಂದು ಗ್ಯಾರೇಜಿನವನು ಹೇಳಿದ. ನಾನು ಆ ಕಥೆಯನ್ನು ಸ್ಟ್ಯಾಂಡಿನಲ್ಲಿ ಎಷ್ಟು ಸಲ ಹೇಳಿದೆನೋ. ನಾನೇ ಕಲಿಸಿದ್ದು, ನಾನೇ ಕಲಿಸಿದ್ದು ಎಂದು.

ಆಮೇಲೆ ನೀಲಿ ದೀಪದ ಕಥೆ ಆಯಿತು. ಚಳಿಗಾಲದ ಒಂದು ದಿನ ಬೆಳಿಗ್ಗೆ ಫೋನು ಬಂತು. “ತಮಾ, ಜ್ವರದ ಕಡ್ಡಿ ಹತ್ತಿದೆ. ಆದ್ರೆ ನೀಲಿ. ಕೆಂಪೂ ಅಲ್ಲ, ಹಳದಿನೂ ಅಲ್ಲ. ನೀಲಿಗೆ ನೀ ಎಂತದೂ ಹೇಳ್ಲಿಲ್ಲ.” ನನಗೂ ಒಮ್ಮೆಲೇ ಹೊಳೆಯಲಿಲ್ಲ. ನನ್ನ ಹಳೆಯ ವ್ಯಾನಿನಲ್ಲಿ ಅಂಥ ದೀಪವೇ ಇಲ್ಲ. ಹತ್ತಿಸಿಕೊಂಡಿದ್ದ ಪ್ರಯಾಣಿಕರನ್ನು ಇಳಿಸಿ, ವ್ಯಾನು ಓಡಿಸಿಕೊಂಡು ಅವರ್ಸಾಕ್ಕೆ ಹೋದೆ. ಹೋಗುವಷ್ಟರಲ್ಲಿ ದೀಪ ಆರಿತ್ತು. ಗ್ಯಾರೇಜಿಗೆ ಫೋನು ಹಚ್ಚಿ ಕೇಳಿದರೆ ಅವನು ನಕ್ಕ. ಇಂಜಿನ್ ಇನ್ನೂ ತಣ್ಣಗಿದೆ ಎಂದು ಹೇಳುವ ದೀಪವಂತೆ ಅದು. ಚಳಿ ಹೆಚ್ಚಾದ ಬೆಳಿಗ್ಗೆ ಹತ್ತುತ್ತದೆ, ಬಿಸಿಯಾದ ಮೇಲೆ ತಾನೇ ಆರುತ್ತದೆ. ರೋಗವಲ್ಲ.

ಸ್ಟ್ಯಾಂಡಿಗೆ ಸುದ್ದಿ ನನಗಿಂತ ಮೊದಲೇ ತಲುಪಿತ್ತು. “ನೀಲಿ ಡಾಕ್ಟ್ರು ಬಂದ್ರು, ದಾರಿ ಬಿಡಿ,” ಎಂದು ಒಬ್ಬ. “ನಮ್ಮ ಗಾಡಿಗೂ ಬೆಳಿಗ್ಗೆ ಚಳಿ ಆಗ್ತದೆ ಡಾಕ್ಟ್ರೇ, ಕಂಬಳಿ ಹೊದೆಸ್ಲೋ?” ಎಂದು ಇನ್ನೊಬ್ಬ. ನಾನೂ ನಕ್ಕೆ. ಆದರೆ ಒಳಗೆ ಎಲ್ಲೋ ಚುಚ್ಚಿತು. ಇಷ್ಟು ವರ್ಷ ಗಾಡಿ ಓಡಿಸಿದವನು ಅಕ್ಕನ ಮಾತು ಕೇಳಿ ಬಾಡಿಗೆ ಬಿಟ್ಟು ಓಡಿ, ಒಂದು ನೀಲಿ ದೀಪಕ್ಕೆ ಮೂರ್ಖನಾದೆ ಎಂದು.

ಅಂದಿನಿಂದ ಅವಳು ಫೋನು ಮಾಡಿದರೆ ನಾನು ಸ್ಪೀಕರ್ ಹಾಕತೊಡಗಿದೆ. ಸುತ್ತ ಕೂತವರು ಕೇಳಿ ನಗಲಿ ಎಂದು. ಅವರು ನನ್ನನ್ನು ನೋಡಿ ನಗುವುದಕ್ಕಿಂತ ಅವಳ ಮಾತಿಗೆ ನಗುವುದು ನನಗೆ ಸುಲಭವಾಗಿತ್ತು. ಇದನ್ನೂ ಬರೆಯುತ್ತೇನೆ. ಅಕ್ಕ ಗಿಂಡಿ ಎಂದರೆ ನಗು. ನಲ್ಲಿ ಎಂದರೆ ನಗು. ಅವಳಿಗೆ ಗೊತ್ತಿರಲಿಲ್ಲ.

ಆ ಸಂಜೆ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ಕೂತಿದ್ದೆವು. ಫೋನು ಬಂತು. ಸ್ಪೀಕರ್ ಒತ್ತಿದೆ.

“ತಮಾ, ಬಳೆಯೊಳಗಿನ ಕಡ್ಡಿ ಹತ್ತೂದು ಆರೂದು ಮಾಡ್ತದೆ. ಕೆಂಪು.”

“ಹ್ಯಾಂಡ್ ಬ್ರೇಕ್ ಎಳ್ದಿಟ್ಟೇ ಓಡಿಸ್ದೆ ಕಾಣ್ತದೆ ನೀ.”

“ಇಲ್ವೋ, ಕೆಳಗೇ ಅದೆ. ಕೈಯಿಟ್ಟು ನೋಡ್ದೆ. ತಿರುವು ಬಂದ್ರೆ ಹತ್ತತದೆ. ಸೀದಾ ರಸ್ತೆಗೆ ಬಂದ್ರೆ ಆರತದೆ.”

“ತಿರುವಿಗೆ ಕಾರಿಗೂ ತಲೆ ತಿರುಗ್ತದೆ, ವಾಂತಿ ಮಾತ್ರೆ ಕೊಡಿ,” ಎಂದ ಪಕ್ಕದಲ್ಲಿದ್ದವನು. ಎಲ್ಲರೂ ನಕ್ಕರು.

“ಒಂದ್ಸಲ ಪೂರಾ ಎಳ್ದು ಬಿಡು,” ಎಂದೆ. ಅವಳು ಕಾರಿನಲ್ಲೇ ಕೂತಿದ್ದಳು. ಹ್ಯಾಂಡ್ ಬ್ರೇಕ್ ಎಳೆದು ಬಿಟ್ಟ ಕರಕರ ಸದ್ದು ಫೋನಿನಲ್ಲಿ ಕೇಳಿತು. “ಈಗ ಹತ್ತಿದ್ಯಾ?”

“ಇಲ್ಲ. ಆರಿದೆ.”

“ಮತ್ತೆ? ಮುಗೀತು.”

ಅವಳು ಫೋನು ಇಡಲಿಲ್ಲ. “ಪೆಡಲ್ಲೂ ಒಂಚೂರು ಮೆತ್ತಗಾದಂಗೆ ಕಾಣ್ತದೆ ತಮಾ. ಮೊದ್ಲಿನಷ್ಟು ಗಟ್ಟಿ ಇಲ್ಲ.”

“ಪೆಡಲ್ ಮೆತ್ತಗಾಗ್ಲಿಲ್ಲ ಅಕ್ಕ, ನಿನ್ನ ಕಾಲು ಗಟ್ಟಿ ಆಯ್ತು.”

ಈ ಸಲ ನಗು ಜೋರಾಗಿತ್ತು.

“ಯಾರಾದ್ರೂ ಇದ್ದಾರಾ ಅಲ್ಲಿ?” ಎಂದು ಕೇಳಿದಳು. ಧ್ವನಿ ಸಣ್ಣಗಾಗಿತ್ತು.

“ಹೌದು, ಇದ್ದಾರೆ.”

“ಹಾಂಗಾದ್ರೆ ನಾಳೆ ನಿನ್ನ ಭಾವನ ಕರ್ಕೊಂಡು ಹೋಗ್ಬಹುದಲ್ಲ?”

“ಹೋಗು. ಎಂತದೂ ಆಗೂದಿಲ್ಲ.”

ಗಾಡಿ ಓಡಿಸದವರಿಗೆ ಇದನ್ನು ಬಿಡಿಸಿ ಹೇಳಬೇಕು. ಬಹಳ ಕಾರುಗಳಲ್ಲಿ ಹ್ಯಾಂಡ್ ಬ್ರೇಕ್ ಎಳೆದಿದ್ದರೂ, ಬ್ರೇಕ್ ಎಣ್ಣೆ ಕಡಿಮೆಯಾದರೂ ಹತ್ತುವುದು ಅದೊಂದೇ ಕೆಂಪು ದೀಪ. ಹಾಗಾಗಿ ಮೊದಲು ಹ್ಯಾಂಡ್ ಬ್ರೇಕ್ ನೋಡು ಎನ್ನುವುದು ತಪ್ಪಲ್ಲ. ಅದು ಕೆಳಗೇ ಇದೆ ಎಂದು ಅವಳು ಹೇಳಿದ ಮೇಲೆ ಉಳಿಯುವುದು ಎಣ್ಣೆಯೊಂದೇ. ಎಣ್ಣೆಯ ಡಬ್ಬಿಯಲ್ಲಿ ತೇಲುವ ಒಂದು ಬೆಂಡು ಇರುತ್ತದೆ. ಎಣ್ಣೆ ಗೆರೆಯ ಹತ್ತಿರಕ್ಕೆ ಇಳಿದಾಗ, ತಿರುವಿನಲ್ಲಿ ಅದು ಒಂದು ಬದಿಗೆ ವಾಲಿ, ಬೆಂಡು ಕೆಳಗಾಗಿ, ದೀಪ ಹತ್ತುತ್ತದೆ. ನೇರ ರಸ್ತೆಯಲ್ಲಿ ಎಣ್ಣೆ ಸಮಕ್ಕೆ ಬಂದು ದೀಪ ಆರುತ್ತದೆ. ನಿಂತ ಕಾರಿನಲ್ಲಿ ಆರಿಯೇ ಇರುತ್ತದೆ. ಬ್ರೇಕ್ ಎಣ್ಣೆ ಪೆಟ್ರೋಲಿನ ಹಾಗೆ ಸುಟ್ಟು ಖಾಲಿಯಾಗುವುದಲ್ಲ. ಇಳಿದಿದೆ ಎಂದರೆ ಬ್ರೇಕಿನ ಪ್ಯಾಡು ಸವೆದಿರಬೇಕು, ಇಲ್ಲವೇ ಎಲ್ಲೋ ಸೋರುತ್ತಿರಬೇಕು. ಪೆಡಲ್ಲೂ ಮೆತ್ತಗಾಗಿದ್ದರೆ ಆ ಗಾಡಿಯನ್ನು ಒಂದು ಹೆಜ್ಜೆ ಸಹ ಮುಂದೆ ತಳ್ಳಬಾರದು.

ಇದು ನನಗೆ ಗೊತ್ತಿತ್ತು. ಅದನ್ನೇ ಹೇಳಲು ಇಷ್ಟು ಬರೆದೆ. ಗೊತ್ತಿಲ್ಲದೆ ಆದ ತಪ್ಪಲ್ಲ ಇದು. ಅವಳು ಒಬ್ಬ ಮೆಕ್ಯಾನಿಕ್ ಕೇಳಬಹುದಾದ ಎಲ್ಲ ಪ್ರಶ್ನೆಗೂ ಕೇಳುವ ಮೊದಲೇ ಉತ್ತರ ಹೇಳಿದ್ದಳು. ನೀಲಿ ದೀಪವೂ ತಾನೇ ಹತ್ತಿ ತಾನೇ ಆರಿತ್ತು, ಇದೂ ಹಾಗೇ ಎಂದು ನನಗೆ ನಾನೇ ಹೇಳಿಕೊಂಡೆ. ಸುತ್ತ ನಾಲ್ಕು ಜನ ನಗುತ್ತಿದ್ದರು, ಇನ್ನೊಮ್ಮೆ ಎದ್ದು ಓಡಿ ನೀಲಿ ಡಾಕ್ಟ್ರು ಆಗಲು ನನಗೆ ಮನಸ್ಸಾಗಲಿಲ್ಲ. ಕೆಂಪು ಹತ್ತಿದರೆ ನಿಲ್ಲು ಎಂದು ಕಲಿಸಿದವನೇ, ಅವಳು ನಿಂತು ಕೇಳಿದಾಗ ಹೋಗು ಎಂದೆ.

ಮರುದಿನ ಬೆಳಿಗ್ಗೆ ಅವರು ಹೊರಟರು. ಬಿಣಗಾದಿಂದ ಮುಂದೆ ಈಗ ಸುರಂಗವಿದೆ, ಎಲ್ಲರೂ ಅದರಲ್ಲೇ ಹೋಗುತ್ತಾರೆ. ಭಾವನಿಗೆ ಸುರಂಗದೊಳಗೆ ಉಸಿರು ಕಟ್ಟಿದ ಹಾಗಾಗುತ್ತದೆ ಎಂದು ಅಕ್ಕ ಯಾವಾಗಲೂ ಹಳೆಯ ಘಾಟಿಯ ರಸ್ತೆ ಹಿಡಿಯುವಳು. ಅಂದೂ ಹಿಡಿದಳು. ಇಳಿಯುವಾಗ ಬ್ರೇಕ್ ಹೋಯಿತು. ಆ ರಸ್ತೆಯಲ್ಲಿ ಕಾರವಾರದ ಕಡೆ ಹೋಗುವವರಿಗೆ ಎಡಕ್ಕೆ ಸಮುದ್ರ, ಬಲಕ್ಕೆ ಗುಡ್ಡ. ಕಾರಿನಲ್ಲಿ ಭಾವ ಕೂತದ್ದು ಎಡಕ್ಕೆ. ಅಕ್ಕ ಕಾರನ್ನು ಬಲಕ್ಕೆ ತಿರುಗಿಸಿ ಗುಡ್ಡಕ್ಕೆ ಹೊಡೆದು ನಿಲ್ಲಿಸಿದಳು. ಅವಳ ಬದಿ ಪೂರ್ತಿ ಒಳಗೆ ಹೋಯಿತು. ಭಾವನ ಒಂದು ಕೈ ಮುರಿಯಿತು, ಅಷ್ಟೇ.

ಬಲಬದಿ ನುಜ್ಜುಗುಜ್ಜಾದಾಗ ಎಣ್ಣೆಯ ಡಬ್ಬಿಯೂ ಚೂರಾಗಿತ್ತು. ಇದ್ದ ಎಣ್ಣೆ ಆ ಪೆಟ್ಟಿಗೇ ಚೆಲ್ಲಿತು ಎಂದು ಎಲ್ಲರೂ ತಿಳಿದರು. ಕಾರನ್ನು ಎಳೆದು ತಂದು ನಿಲ್ಲಿಸಿದ ಕಡೆ ನಾನೊಬ್ಬನೇ ಹೋಗಿ ಬಗ್ಗಿ ನೋಡಿದೆ. ಹಿಂದಿನ ಎಡಚಕ್ರದ ಒಳಬದಿ ಬ್ರೇಕ್ ಎಣ್ಣೆಯಿಂದ ಒದ್ದೆಯಾಗಿತ್ತು, ಒದ್ದೆಗೆ ರಸ್ತೆಯ ಕೆಂಪು ಧೂಳು ಹಿಡಿದು ದಪ್ಪಗೆ ಕಟ್ಟಿತ್ತು. ಅದು ಒಂದೇ ದಿನದಲ್ಲಿ ಕಟ್ಟುವ ಧೂಳಲ್ಲ. ನಾನು ಎದ್ದು ಕೈ ಒರೆಸಿಕೊಂಡು ಬಂದೆ. ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಅಂದು ಸ್ಟ್ಯಾಂಡಿನಲ್ಲಿ ನಕ್ಕವರು ಯಾರೂ ಆ ಫೋನಿನ ಮಾತು ಮತ್ತೆ ಎತ್ತಲಿಲ್ಲ. ಎತ್ತಿದ್ದರೆ ಅವರ ನಗುವೂ ಲೆಕ್ಕಕ್ಕೆ ಬರುತ್ತಿತ್ತು.

ಅಕ್ಕನ ಮನೆಯ ಪಕ್ಕದಲ್ಲಿ ಒಬ್ಬರು ಮುದುಕರಿದ್ದಾರೆ, ಬೇಲಿಯ ಆಚೆಯಿಂದಲೇ ಊರಿನ ಸುದ್ದಿಯೆಲ್ಲ ಹಂಚುವವರು. ಹನ್ನೊಂದನೆಯ ದಿನದ ಊಟಕ್ಕೆ ಕೂತಾಗ ಅವರೇ ಹೇಳಿದರು, “ಪಾಪ, ಒಳ್ಳೆ ಹೆಂಗಸು. ಆದ್ರೆ ಗಂಡಸ್ರ ಕೆಲಸಕ್ಕೆ ಕೈ ಹಾಕಿದ್ಲು. ಘಾಬರಿ ಬಿದ್ದು ಬ್ರೇಕ್ ಬದ್ಲಿ ಎಕ್ಸಲೇಟರ್ ಒತ್ತಿದ್ರೆ ಗಾಡಿ ನಿಲ್ತದ್ಯಾ?” ಪಂಕ್ತಿಯಲ್ಲಿ ಎಲ್ಲರೂ ಹೌದೆಂದರು. ನಾನು ಅನ್ನ ಕಲೆಸುತ್ತಿದ್ದೆ, ಕಲೆಸುತ್ತಲೇ ಇದ್ದೆ.

ಆಮೇಲೆ ಭಾವನನ್ನು ಕಾರವಾರಕ್ಕೆ ಕರೆದುಕೊಂಡು ಹೋಗುವ ಕೆಲಸ ನನಗೆ ಬಂತು. ಬೇರೆ ಯಾರಿದ್ದಾರೆ? ಭಾವನಿಗೆ ನಿಜ ತಿಳಿಸಿದರೆ ಅವರು ನನ್ನ ವ್ಯಾನು ಹತ್ತುವುದಿಲ್ಲ, ಹತ್ತದಿದ್ದರೆ ಮಶೀನು ತಪ್ಪುತ್ತದೆ, ಮಶೀನು ತಪ್ಪಿದರೆ ಅವರೂ ಹೋಗುತ್ತಾರೆ. ಸುಮ್ಮನಿರುವುದಕ್ಕೆ ನನಗೆ ಇದೊಂದು ಒಳ್ಳೆಯ ನೆಪ ಸಿಕ್ಕಿತು. ಅವರ ಜೀವಕ್ಕಾಗಿ ಸುಮ್ಮನಿದ್ದೇನೆ ಎಂದುಕೊಂಡೆ. ದಾರಿಯುದ್ದಕ್ಕೂ ಅವರು ಕಿಟಕಿಯ ಆಚೆ ನೋಡುತ್ತ ಕೂರುವರು. ನಾನು ಸುರಂಗದಲ್ಲೇ ಹೋಗುತ್ತೇನೆ. ಅವರು ಒಳಗೆ ಕಣ್ಣು ಮುಚ್ಚಿಕೊಳ್ಳುವರು, ಬೇಡ ಎನ್ನುವುದಿಲ್ಲ.

ಆಸ್ಪತ್ರೆಯಲ್ಲಿ ಕಸ ಗುಡಿಸುವ ಹೆಂಗಸೊಬ್ಬಳು ಒಂದು ದಿನ ನನ್ನನ್ನು ತಡೆದು ಕೇಳಿದಳು, “ನಮ್ಮ ಬಾಯಿ ಎಲ್ಲಿ? ಬರೂದಿಲ್ವಾ ಈಗ?” ಅಕ್ಕ ಅಲ್ಲಿಯೂ ಎಲ್ಲರ ಕಾಲು ಒತ್ತಿ ನೋಡುತ್ತಿದ್ದಳಂತೆ. ಪಕ್ಕದ ಹಾಸಿಗೆಯವರಿಗೆ, ಎದುರಿನ ಹಾಸಿಗೆಯವರಿಗೆ. ಕದ್ದು ನೀರು ಕುಡಿದವರಿಗೆ ಬೈಯುತ್ತಿದ್ದಳಂತೆ. “ಡಾಕ್ಟ್ರಿಗೆ ಹೆದರದವ್ರು ಬಾಯಿಗೆ ಹೆದರ್ತಿದ್ರು,” ಎಂದು ಅವಳು ನಕ್ಕಳು. ಸತ್ತ ಸುದ್ದಿ ಹೇಳಿದೆ. ಅವಳು ಕಸಬರಿಕೆ ಹಿಡಿದುಕೊಂಡೇ ಅಲ್ಲಿ ಕೂತುಬಿಟ್ಟಳು.

ಕಳೆದ ಸಲ ಭಾವ ಬರುವುದಿಲ್ಲ ಎಂದರು. ಮೈ ಸರಿಯಿಲ್ಲ, ಮುಂದಿನ ಸಲ ಬರುತ್ತೇನೆ ಎಂದು ನಂಬಿಸಿ ನನ್ನನ್ನು ಹಿಂದೆ ಕಳಿಸಿದರು. ಈ ಸಲ ಹೋದಾಗ ಜಗಲಿಯ ಮೇಲೆ ಕೂತಿದ್ದರು. ಅಂಗಿ ಹಾಕಿರಲಿಲ್ಲ. ಮುಖ ಬಾತಿತ್ತು, ಉಸಿರಿನಲ್ಲಿ ಒಂದು ಗೊರಗೊರ ಸದ್ದಿತ್ತು. ಬದಿಯಲ್ಲಿ ನೀರಿನ ಕೊಡವೇ ಇತ್ತು, ಅದರ ಬಾಯಿಗೆ ಲೋಟ ಕವುಚಿತ್ತು. ನಾನು ಅವರ ಕಾಲ ಬುಡದಲ್ಲಿ ಕೂತು ಹೆಬ್ಬೆರಳಿನಿಂದ ಒತ್ತಿದೆ. ಗುಳಿ ಬಿದ್ದು ಹಾಗೇ ನಿಂತಿತು.

“ಏಳಿ ಭಾವ. ಅಂಗಿ ಹಾಕಿ. ಹೊತ್ತಾಯ್ತು.”

“ನಾ ಬರೂದಿಲ್ಲ. ಸಾಕು.”

“ಸಾಕು ಅಂದ್ರೆ ಎಂತದು?”

“ಸಾಕು ಅಂದ್ರೆ ಸಾಕು.” ಅವರು ಉಸಿರು ಎಳೆದುಕೊಂಡರು. “ಅವತ್ತು ನಂಗೆ ಎದೆ ಹಿಡ್ಕೊಂಡಿತ್ತು. ಘಾಟಿ ಹತ್ತೂವಾಗ್ಲಿಂದ ನಾ ಕೂಗ್ತಾ ಇದ್ದೆ. ಬೇಗ ಹೋಗೇ, ಸಾಯ್ತೆ ನಾನು, ಬೇಗ ಹೋಗೇ ಅಂತ. ಅವಳು ಹೆದರಿ ಯಾವ್ದೋ ಪೆಡಲ್ ಒತ್ತಿಬಿಟ್ಲು. ಊರವ್ರು ಹೇಳೂದು ಸರೀನೇ. ಆದ್ರೆ ಹೆದರ್ಸಿದವ ನಾನು. ಅವಳನ್ನ ಕೊಂದು ನಾ ಹೀಂಗೆ ರಕ್ತ ತೊಳ್ಕೊಂಡು ತೊಳ್ಕೊಂಡು ಬದ್ಕಬೇಕಾ? ನೀ ಹೋಗು.”

ಲೋಟ ಎತ್ತಿ ಕೊಡದಿಂದ ನೀರು ತುಂಬಿಸಿಕೊಂಡರು. ನಾನು ಅವರ ಕೈ ಹಿಡಿದೆ. ಮುರಿದು ಕೂಡಿದ ಕೈ ಅದು, ಆದರೂ ಬಡಗಿಯ ಕೈ. ಬಿಡಿಸಿಕೊಂಡು ಕುಡಿದರು.

ಅಲ್ಲಿಯವರೆಗೂ, ನಾನು ಸುಮ್ಮನಿದ್ದರೆ ಅವರು ಉಳಿಯುತ್ತಾರೆ ಎಂದುಕೊಂಡಿದ್ದೆ. ನನ್ನ ಮೌನವನ್ನೇ ಅವರು ಕುಡಿಯುತ್ತಿದ್ದರು. ಬೇಲಿಯ ಆಚೆ ಪಕ್ಕದ ಮನೆಯ ಮುದುಕರು ಬಕೆಟ್ ಹಿಡಿದು ನಿಂತು ನಮ್ಮ ಕಡೆಯೇ ನೋಡುತ್ತಿದ್ದರು. ಒಳಗೆ ಬನ್ನಿ, ಒಳಗೆ ಹೇಳುತ್ತೇನೆ ಎನ್ನಲು ಬಾಯಿ ತೆರೆದೆ. ಮತ್ತೆ ಬೇಡವೆನಿಸಿತು. ನಾಲ್ಕು ಜನರ ಎದುರು ಅವಳನ್ನು ನಗೆಗೀಡು ಮಾಡಿದವನು ಒಳಗೆ ಬಾಗಿಲು ಹಾಕಿಕೊಂಡು ಹೇಳಬಾರದು. ಜಗಲಿಯ ಕೆಳಗೆ ಅಂಗಳದಲ್ಲಿ ನಿಂತೆ. ಮುದುಕರಿಗೆ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದೆ.

“ಭಾವ, ಅಕ್ಕ ತಪ್ಪು ಪೆಡಲ್ ಒತ್ತಲಿಲ್ಲ. ಬ್ರೇಕೇ ಒತ್ತಿದ್ಲು, ಅದು ಹಿಡೀಲಿಲ್ಲ. ಎಣ್ಣೆ ಸೋರಿ ಹೋಗಿತ್ತು. ದೀಪ ಹತ್ತತದೆ, ಪೆಡಲ್ ಮೆತ್ತಗಾಗಿದೆ ಅಂತ ಹಿಂದಿನ ದಿನ ನಂಗೆ ಫೋನ್ ಮಾಡಿದ್ಲು. ಹೋಗ್ಬಹುದಾ ಅಂತ ಕೇಳಿದ್ಲು. ನಾ ಸ್ಟ್ಯಾಂಡಿನವ್ರ ಎದುರು ಅವಳನ್ನ ನಗಾಡಿ, ಹೋಗು ಅಂದೆ. ನೀವು ಕೂಗಿದ್ದಕ್ಕೆ ಅಲ್ಲ. ಅವಳು ಹೆದರಿದ್ದಕ್ಕೂ ಅಲ್ಲ. ಹೆದರಿದ್ರೆ ತನ್ನ ಬದಿ ಗುಡ್ಡಕ್ಕೆ ಕೊಟ್ಟು ನಿಮ್ಮ ಉಳಿಸ್ತಿರ್ಲಿಲ್ಲ. ಊರೆಲ್ಲ ಅವಳನ್ನ ಅಂದಾಗ ನಾ ಬಾಯಿ ಮುಚ್ಕೊಂಡು ಉಂಡೆ. ನನ್ನ ಗಾಡಿ ಬ್ಯಾಡ ಅಂದ್ರೆ ಬೇರೆ ಗಾಡಿ ತರ್ಸ್ತೆ, ನನ್ನ ಮುಖ ನೋಡೂದು ಬ್ಯಾಡ. ಆದ್ರೆ ಆಸ್ಪತ್ರೆಗೆ ಹೋಗಿ. ತಪ್ಪಾಯ್ತು ಭಾವ. ಅಕ್ಕಾ, ನಂದೇ ತಪ್ಪು. ತಪ್ಪಾಯ್ತು.”